ಕೂಸಿನ ಪಾದ ಒಳಕ್ಕೆ ತಿರುಗಿದ್ದರೆ: ಮಾಡಬೇಕಾದ್ದು, ಮಾಡಬಾರದ್ದು

ರಾವೂರ, ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ತಾಯಿ ತಂದೆಯರು, ಬಾಣಂತನ ಮಾಡುವ ಹಿರಿಯರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಓದಬೇಕಾದ ಸೂಚನೆ. ಓದಲು ಬಾರದವರಿಗೆ ಓದಿ ಹೇಳಿ.

ಹುಟ್ಟಿದ ಕೂಸಿನ ಪಾದ ಒಳಕ್ಕೆ ಮಡಚಿಕೊಂಡು ಅಂಗಾಲು ಮತ್ತೊಂದು ಕಾಲಿನ ಕಡೆ ನೋಡುತ್ತಿದ್ದರೆ, ಹಿಮ್ಮಡಿ ಮೇಲಕ್ಕೆ ಸೇದಿಕೊಂಡಿದ್ದರೆ, ಬೆರಳಿನಿಂದ ಮೆಲ್ಲಗೆ ತಿದ್ದಿದರೂ ನೇರಕ್ಕೆ ಬಾರದಿದ್ದರೆ ಅದು ಸೊಟ್ಟ ಪಾದ. ಆಸ್ಪತ್ರೆಯವರು ಕ್ಲಬ್‌ಫೂಟ್ ಎನ್ನುತ್ತಾರೆ, ಚೀಟಿಯಲ್ಲಿ ಸಿಟಿಇವಿ ಎಂದು ಬರೆಯುತ್ತಾರೆ. ಸಾವಿರ ಕೂಸುಗಳಲ್ಲಿ ಒಂದೆರಡಕ್ಕೆ ಹೀಗಿರುತ್ತದೆ. ಹೆಣ್ಣುಕೂಸಿಗಿಂತ ಗಂಡುಕೂಸಿಗೆ ಹೆಚ್ಚು, ಸುಮಾರು ಎರಡು ಪಟ್ಟು. ಅರ್ಧದಷ್ಟು ಕೂಸುಗಳಿಗೆ ಎರಡೂ ಪಾದ ತಿರುಗಿರುತ್ತವೆ.

ಈ ಪಾದ ನೇರವಾಗುತ್ತದೆ. ದೊಡ್ಡ ಆಪರೇಷನ್ ಇಲ್ಲದೆ, ವಾರಕ್ಕೊಂದು ಪಟ್ಟಿ ಹಾಕಿಸಿಕೊಂಡು, ಎರಡು ಮೂರು ತಿಂಗಳಲ್ಲಿ ನೇರವಾಗುತ್ತದೆ. ನೇರವಾದದ್ದನ್ನು ನೇರವಾಗಿಯೇ ಉಳಿಸಿಕೊಳ್ಳುವುದಕ್ಕೆ ಮಾತ್ರ ನಾಲ್ಕೈದು ವರ್ಷ ಬೇಕು. ಆ ಕೆಲಸ ಡಾಕ್ಟರದಲ್ಲ, ಮನೆಯವರದು. ಅದಕ್ಕಾಗಿಯೇ ಈ ಸೂಚನೆ.

ಹೆರಿಗೆಯಾದ ಮನೆಯಲ್ಲಿ

ಮಾಡಬೇಕಾದ್ದು: ಕೂಸಿನ ಬಟ್ಟೆ ಬಿಚ್ಚಿ ಎರಡೂ ಪಾದ ನೋಡಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರಬೇಕೆಂಬ ನಿಯಮವಿದೆ. ಮೊದಲ ಭೇಟಿಯಲ್ಲೇ ಪಾದ ತೋರಿಸಿ. ಆಶಾ ಅಕ್ಕಂದಿರೇ, ತೂಕ ನೋಡಿ ಹೊರಡಬೇಡಿ, ಕೌದಿ ಸರಿಸಿ ಕಾಲು ನೋಡಿ. ತಿರುಗಿದ ಪಾದ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಾಲ್ಲೂಕಿನ ಆರ್‌ಬಿಎಸ್‌ಕೆ ತಂಡಕ್ಕೂ ಅಂದೇ ತಿಳಿಸಿ. ಆರ್‌ಬಿಎಸ್‌ಕೆ ಎಂದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, 2013ರಲ್ಲಿ ಶುರುವಾಯಿತು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳು ಅದರಲ್ಲಿ ಬರುತ್ತಾರೆ. ಆ ಕಾರ್ಯಕ್ರಮ ಹೆಸರಿಸಿದ 9 ಹುಟ್ಟು ದೋಷಗಳಲ್ಲಿ ಸೊಟ್ಟ ಪಾದವೂ ಒಂದು, ಚಿಕಿತ್ಸೆ ಉಚಿತ. ತಂಡದವರು ಬರೆದುಕೊಟ್ಟ ಚೀಟಿ ಹಿಡಿದು ಕಲಬುರಗಿಯ ದೊಡ್ಡ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನ ಮೂಳೆ ವಿಭಾಗಕ್ಕೆ ಹೋಗಿ.

ಹುಟ್ಟಿದ ದಿನವೇ ಗಾಬರಿಯಿಂದ ಓಡಬೇಕಾಗಿಲ್ಲ. ತಾಯಿ ಎದ್ದು ಕೂರುವಂತಾಗಲಿ, ಕೂಸು ಹಾಲು ಹಿಡಿಯಲಿ. ಆದರೆ ಎರಡು ವಾರ ದಾಟಿಸಬೇಡಿ. ಎಳೆಯ ಕೂಸಿನ ಎಲುಬು, ಸ್ನಾಯುಹುರಿ ಎರಡೂ ಮೆತ್ತಗಿರುತ್ತವೆ, ಆಗ ಪಾದ ಬೇಗ ಮಾತು ಕೇಳುತ್ತದೆ.

ಮಾಡಬಾರದ್ದು: "ನಡಿಯಾಕ ಹತ್ತಿದ ಮ್ಯಾಲ ತಾನೇ ನೆಟ್ಟಗಾಗ್ತದ ತಗೋ" ಎಂಬ ಮಾತು ಕೇಳಬೇಡಿ. ಆಗುವುದಿಲ್ಲ. ನಡೆಯಲು ಕಲಿತ ಮಗು ಆ ಪಾದದ ಹೊರ ಅಂಚಿನ ಮೇಲೆ, ಆಮೇಲೆ ಪಾದದ ಮೇಲ್ಭಾಗದ ಮೇಲೆಯೇ ಭಾರ ಬಿಟ್ಟು ನಡೆಯುತ್ತದೆ, ಅಲ್ಲಿ ಚರ್ಮ ದಪ್ಪಗಟ್ಟುತ್ತದೆ.

ಕೂಸಿಗೆ ಎರೆಯುವಾಗ ಎಣ್ಣೆ ತಿಕ್ಕಿ ಪಾದವನ್ನು ಜಗ್ಗಬೇಡಿ, ತಿರುವಬೇಡಿ. ಎರೆಯುವ ಆಯಿಯ ಕೈಗುಣದ ಮೇಲೆ ನಮಗೆಲ್ಲ ಗೌರವವಿದೆ, ಆದರೆ ಇದು ತಿಕ್ಕಿ ತಿದ್ದುವ ಸೊಟ್ಟಲ್ಲ. ಬಿದಿರು ದಬ್ಬೆ ಕಟ್ಟುವುದು, ನಾಟಿ ಪಟ್ಟು ಹಾಕುವುದು ಬೇಡವೇ ಬೇಡ.

ತಾಯಿಯನ್ನು ದೂಷಿಸಬೇಡಿ. ಇದನ್ನು ದಪ್ಪ ಅಕ್ಷರದಲ್ಲಿ ಬರೆದಿದೆ ಎಂದುಕೊಂಡು ಓದಿ. ಗ್ರಹಣದ ಹೊತ್ತಿಗೆ ಹೊರಗೆ ಬಂದಳು, ಬಸುರಿದ್ದಾಗ ಕುಡುಗೋಲು ಹಿಡಿದಳು, ಕಾಲ ಮೇಲೆ ಕಾಲು ಹಾಕಿ ಕುಂತಳು, ಇವು ಯಾವುವೂ ಕಾರಣವಲ್ಲ. ಬಹಳಷ್ಟು ಕೂಸುಗಳಲ್ಲಿ ಇಂಥದೇ ಕಾರಣ ಎಂದು ಬೆರಳು ಮಾಡಿ ತೋರಿಸಲು ವೈದ್ಯಶಾಸ್ತ್ರಕ್ಕೂ ಆಗಿಲ್ಲ. ಕೆಲವು ಮನೆತನಗಳಲ್ಲಿ ಮರುಕಳಿಸುತ್ತದೆ, ಅದು ಗಂಡನ ಕಡೆಯಿಂದಲೂ ಬಂದಿರಬಹುದು. ಹಸಿ ಬಾಣಂತಿಯ ಮುಂದೆ "ನಿನ್ನ ಹೊಟ್ಟಿ ದೋಷ" ಎಂದವರು ಆ ಕೂಸಿನ ಚಿಕಿತ್ಸೆಗೇ ಅಡ್ಡ ನಿಂತಂತೆ. ನೊಂದ ತಾಯಿ ಕೂಸಿನ ಕಾಲು ಮುಚ್ಚಿಡುತ್ತಾಳೆ. ಮುಚ್ಚಿಟ್ಟಷ್ಟು ದಿನ ಪಾದ ಗಟ್ಟಿಯಾಗುತ್ತದೆ.

ಹರಕೆ ಹೊರುವುದಿದ್ದರೆ ಹೊರಿ. ರಾವೂರ ಮಠಕ್ಕೆ, ನಾಲವಾರಕ್ಕೆ, ಶರಣಬಸವೇಶ್ವರ ಗುಡಿಗೆ, ಬಂದೇನವಾಜರ ದರ್ಗಾಕ್ಕೆ ಹೋಗಿ ಬನ್ನಿ. ಪಟ್ಟಿಯ ದಿನ ತಪ್ಪಿಸಿ ಹೋಗಬೇಡಿ, ಅಷ್ಟೇ.

ಪಟ್ಟಿಯ ವಾರಗಳು

ಹಳ್ಳಿಯಲ್ಲಿ ಇದಕ್ಕೆ ಸಿಮೆಂಟ್ ಪಟ್ಟಿ ಎನ್ನುತ್ತಾರೆ. ವಾಡಿ, ಸೇಡಂ ಕಡೆ ಸಿಮೆಂಟ್ ಹೆಸರು ಕೇಳಿ ಹೆದರುವವರಿದ್ದಾರೆ. ಇದು ಆ ಸಿಮೆಂಟ್ ಅಲ್ಲ, ಜಿಪ್ಸಂ ಪುಡಿಯ ಬಿಳಿ ಪ್ಲಾಸ್ಟರ್. ಡಾಕ್ಟರು ಪಾದವನ್ನು ಕೈಯಲ್ಲಿ ಹಿಡಿದು, ಎಷ್ಟು ಸುಲಭವಾಗಿ ಬರುತ್ತದೋ ಅಷ್ಟೇ ಹೊರಕ್ಕೆ ತಂದು, ಹತ್ತಿ ಸುತ್ತಿ, ತೊಡೆಯವರೆಗೆ ಪಟ್ಟಿ ಹಾಕುತ್ತಾರೆ. ಮಂಡಿ ಮಡಚಿಯೇ ಇರುತ್ತದೆ. ವಾರ ಬಿಟ್ಟು ಬಿಚ್ಚಿ, ಇನ್ನಷ್ಟು ತಿದ್ದಿ, ಮತ್ತೊಂದು. ಹೀಗೆ 5ರಿಂದ 8 ಪಟ್ಟಿ. ಈ ಪದ್ಧತಿ ಇಗ್ನಾಸಿಯೋ ಪೊನ್ಸೆಟಿ ಎಂಬ ಡಾಕ್ಟರರದು. ಸ್ಪೇನ್ ದೇಶದಲ್ಲಿ 1914ರ ಜೂನ್ 3ರಂದು ಹುಟ್ಟಿ, ಅಲ್ಲಿನ ಅಂತರ್ಯುದ್ಧದಲ್ಲಿ ಗಾಯಾಳುಗಳ ಮೂಳೆ ಕಟ್ಟಿ, ಕೊನೆಗೆ ಅಮೆರಿಕದ ಅಯೋವಾ ಸೇರಿದವರು. ಕೊಯ್ದು ತಿದ್ದಿದ ಪಾದಗಳು ವಯಸ್ಸಾದಂತೆ ಬಿರುಸಾಗಿ ನೋಯುವುದನ್ನು ಕಂಡು ಈ ದಾರಿ ಹಿಡಿದರು. 1963ರಲ್ಲಿ ಬರೆದು ಪ್ರಕಟಿಸಿದರೂ ಜಗತ್ತು ಒಪ್ಪಲು 30 ವರ್ಷಕ್ಕೂ ಹೆಚ್ಚು ಹಿಡಿಯಿತು. ಅವರು ಹುಟ್ಟಿದ ಜೂನ್ 3 ಈಗ ವಿಶ್ವ ಕ್ಲಬ್‌ಫೂಟ್ ದಿನ.

ಮಾಡಬೇಕಾದ್ದು: ವಾರದ ದಿನ ತಪ್ಪದೆ ಹೋಗಿ. ಪಟ್ಟಿ ಹಾಕುವ ಹೊತ್ತಿಗೆ ಕೂಸು ಹಸಿದಿರಲಿ, ಮೊಲೆಗೆ ಹಾಕಿಕೊಂಡು ಕುಳಿತರೆ ಅಳದೆ ಹಾಕಿಸಿಕೊಳ್ಳುತ್ತದೆ. ಮನೆಗೆ ಬಂದ ಮೊದಲ ದಿನ ಮತ್ತೆ ಮತ್ತೆ ಬೆರಳು ನೋಡಿ. ಕಾಲ್ಬೆರಳನ್ನು ಒತ್ತಿ ಬಿಟ್ಟರೆ ಬಿಳಿಚಿ, ಕೂಡಲೇ ಮತ್ತೆ ಕೆಂಪು ತಿರುಗಬೇಕು. ಬೆರಳು ನೀಲಿಯಾದರೆ, ಬಾತರೆ, ತಣ್ಣಗಾದರೆ, ಕೂಸು ಸಮಾಧಾನವೇ ಇಲ್ಲದೆ ಅತ್ತರೆ ರಾತ್ರಿಯಾದರೂ ಆಸ್ಪತ್ರೆಗೆ ನಡೆಯಿರಿ. ಇನ್ನೊಂದು ಗುರುತು ಬಹಳ ಮಂದಿಗೆ ಗೊತ್ತಿಲ್ಲ: ನಿನ್ನೆ ಕಾಣುತ್ತಿದ್ದ ಬೆರಳುಗಳು ಇಂದು ಪಟ್ಟಿಯೊಳಗೆ ಮುಳುಗಿದ್ದರೆ ಪಟ್ಟಿ ಜಾರಿದೆ ಎಂದರ್ಥ. ಜಾರಿದ ಪಟ್ಟಿ ಪಾದವನ್ನು ಕೆಡಿಸುತ್ತದೆ, ಮುಂದಿನ ವಾರದವರೆಗೆ ಕಾಯಬೇಡಿ.

ಲಸಿಕೆ ನಿಲ್ಲಿಸಬೇಡಿ. 6, 10, 14 ವಾರದ ಸೂಜಿ ತೊಡೆಗೆ ಹಾಕುವಂಥದ್ದು, ಎರಡೂ ಕಾಲಿಗೆ ಪಟ್ಟಿ ಇದ್ದರೆ ತೊಡೆ ಸಿಗುವುದಿಲ್ಲ. ಪಟ್ಟಿ ಬದಲಿಸುವ ದಿನಕ್ಕೆ ಲಸಿಕೆ ಹೊಂದಿಸಿಕೊಡಲು ನರ್ಸಮ್ಮನನ್ನೂ ಡಾಕ್ಟರನ್ನೂ ಮೊದಲೇ ಕೇಳಿ.

ಮಾಡಬಾರದ್ದು: ಪಟ್ಟಿ ನೀರಿಗೆ ತಾಗಬಾರದು. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಎರೆಯಬೇಡಿ. ನಮ್ಮ ಬ್ಯಾಸಗಿ ಎಂಥದೆಂದು ಎಲ್ಲರಿಗೂ ಗೊತ್ತು, ತಗಡಿನ ಕೆಳಗೆ, ಕಾದ ಫರಸಿಯ ಮೇಲೆ ಕೂಸನ್ನು ಮಲಗಿಸಬೇಡಿ, ಬೇವಿನ ನೆರಳಿಗೆ ತನ್ನಿ. ತುರಿಸುತ್ತದೆಂದು ಪಟ್ಟಿಯೊಳಗೆ ಕಡ್ಡಿ ಹಾಕಬೇಡಿ, ಎಣ್ಣೆ ಬಿಡಬೇಡಿ, ಪೌಡರ್ ಉದುರಿಸಬೇಡಿ. "ಕೂಸಿಗೆ ಭಾರ ಆಗ್ಯದ" ಎಂದು ಮರುಕಪಟ್ಟು ಮನೆಯಲ್ಲಿ ಬಿಚ್ಚಬೇಡಿ.

ನಡುವೆ ಒಂದು ಸಣ್ಣ ಕೊಯ್ತ

ಪಾದ ಹೊರಕ್ಕೆ ಬಂದರೂ ಹಿಮ್ಮಡಿ ಕೆಳಗಿಳಿಯದಿದ್ದರೆ, ಹಿಮ್ಮಡಿಯ ಹಿಂದಿನ ಬಿಗಿ ಸ್ನಾಯುಹುರಿಯನ್ನು ಸಣ್ಣ ಗಾಯ ಮಾಡಿ ಬಿಡಿಸುತ್ತಾರೆ. ಹೆಚ್ಚಿನ ಕೂಸುಗಳಿಗೆ ಇದು ಬೇಕಾಗುತ್ತದೆ. ಸಹಿ ಮಾಡಲು ಹಿಂಜರಿದು ಊರಿಗೆ ಮರಳಬೇಡಿ. ಆ ಮೇಲಿನ ಕೊನೆಯ ಪಟ್ಟಿ ಸುಮಾರು ಮೂರು ವಾರ ಇರುತ್ತದೆ, ಅಷ್ಟರಲ್ಲಿ ಆ ಹುರಿ ಉದ್ದವಾಗಿ ಮತ್ತೆ ಕೂಡಿಕೊಳ್ಳುತ್ತದೆ.

ಬೂಟು

ಕೊನೆಯ ಪಟ್ಟಿ ಬಿಚ್ಚಿದ ದಿನ ಪಾದ ಎಷ್ಟು ಚೆಂದ ಕಾಣುತ್ತದೆಂದರೆ, ಮನೆಯವರು ಸಿಹಿ ಹಂಚಿ, ಚಿಕಿತ್ಸೆ ಮುಗಿಯಿತು ಎಂದುಕೊಳ್ಳುತ್ತಾರೆ. ಮುಗಿದಿಲ್ಲ. ಎರಡು ಬೂಟು, ನಡುವೆ ಒಂದು ಕಂಬಿ ಇರುವ ಬ್ರೇಸ್ ಅಂದೇ ಹಾಕಬೇಕು. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ. ಮೈ ತೊಳೆಯುವ ಒಂದು ಗಂಟೆ ಮಾತ್ರ ಬಿಡುವು. ಆಮೇಲೆ ರಾತ್ರಿ ಮತ್ತು ಹಗಲಿನ ನಿದ್ದೆ ಸೇರಿ 12ರಿಂದ 14 ಗಂಟೆ, 4 ಅಥವಾ 5 ವರ್ಷ ತುಂಬುವವರೆಗೆ. ಒಂದೇ ಪಾದ ಸೊಟ್ಟಿದ್ದರೂ ಬೂಟು ಎರಡಕ್ಕೂ ಬೇಕು. ಕಂಬಿ ಎಳೆಯುವುದೇ ಎರಡೂ ಕಾಲಿನ ಬಲದಿಂದ. ತಿರುಗಿದ ಪಾದ 60ರಿಂದ 70 ಡಿಗ್ರಿ ಹೊರಮುಖವಾಗಿ ನಿಲ್ಲುತ್ತದೆ. ನೋಡುವ ಕಣ್ಣಿಗೆ ವಿಪರೀತ ಅನ್ನಿಸಿದರೂ ಅದೇ ಅಳತೆ. ಮನೆಯಲ್ಲಿ ಸ್ಕ್ರೂ ಸಡಿಲಿಸಿ "ಸರಿ" ಮಾಡಬೇಡಿ.

ಹಾಕುವ ಬಗೆ ಇದು. ಹತ್ತಿಯ ಕಾಲುಚೀಲ ಹಾಕಿ, ಸುಕ್ಕು ಬಿಡಿಸಿ. ಮಂಡಿ ಮಡಚಿ, ಕಾಲಿನ ಗಿಣ್ಣು ಹಿಡಿದು ಹಿಮ್ಮಡಿಯನ್ನು ಬೂಟಿನ ತಳಕ್ಕೆ ಕೂರಿಸಿ. ಮೊದಲು ಗಿಣ್ಣಿನ ಮೇಲಿನ ನಡುಪಟ್ಟಿ ಬಿಗಿಯಿರಿ, ಆಮೇಲೆ ಉಳಿದದ್ದು. ಉಗಾಂಡಾದಲ್ಲಿ ಸ್ಟೀನ್‌ಬೀಕ್ ಎಂಬವರು ರೂಪಿಸಿದ ಚರ್ಮದ ಬೂಟಿನಲ್ಲಿ ಹಿಮ್ಮಡಿಯ ಹತ್ತಿರ ಒಂದು ಕಿಂಡಿ ಬಿಟ್ಟಿರುತ್ತಾರೆ. ಸ್ಥಳೀಯ ಚರ್ಮ, ಕಬ್ಬಿಣದಿಂದ ಕಡಿಮೆ ಖರ್ಚಿನಲ್ಲಿ ಮಾಡಬಹುದಾದ ಬೂಟು ಅದು, ನಮ್ಮ ದೇಶದಲ್ಲೂ ಬಳಕೆಯಲ್ಲಿದೆ. ಆ ಕಿಂಡಿಯಲ್ಲಿ ಹಿಮ್ಮಡಿ ಕಂಡರೆ ಪಾದ ಸರಿಯಾಗಿ ಕುಳಿತಿದೆ, ಕಾಣದಿದ್ದರೆ ಬಿಚ್ಚಿ ಮತ್ತೆ ಹಾಕಿ.

ಮೊದಲ ಎರಡು ಮೂರು ರಾತ್ರಿ ಕೂಸು ಅಳುತ್ತದೆ. ನೋವಿನಿಂದಲ್ಲ, ಒಂಟಿ ಕಾಲು ಒದೆಯಲು ಬರುವುದಿಲ್ಲ ಎಂಬ ಸಿಟ್ಟಿನಿಂದ. ಕಂಬಿ ಹಿಡಿದು ಎರಡೂ ಮಂಡಿ ಒಟ್ಟಿಗೆ ಮಡಚಿ, ಚಾಚಿ ಆಡಿಸಿ, ಜೋಡಿ ಕಾಲು ಒದೆಯುವುದನ್ನು ಕಲಿತುಬಿಡುತ್ತದೆ. ಅತ್ತಾಗ ಬಿಚ್ಚಿದಿರೋ, ಅತ್ತರೆ ಬಿಚ್ಚುತ್ತಾರೆ ಎಂಬುದನ್ನು ಕಲಿಯುತ್ತದೆ. ಸೀರೆಯ ಜೋಲಿಯಲ್ಲಿ ಕಂಬಿ ಸಿಕ್ಕಿಕೊಂಡು ಕೂಸು ಹೊರಳಲಾರದು. ನೆಲಕ್ಕೆ ಕೌದಿ ಹಾಸಿ ಮಲಗಿಸಿ, ಅಥವಾ ಅಗಲದ ತೊಟ್ಟಿಲು ಮಾಡಿ. ಕಂಬಿಗೆ ಮೆತ್ತನೆಯ ಬಟ್ಟೆ ಸುತ್ತಿದರೆ ಪಕ್ಕದಲ್ಲಿ ಮಲಗಿದವರಿಗೂ ಪೆಟ್ಟಾಗುವುದಿಲ್ಲ.

ಹಿಮ್ಮಡಿಯಲ್ಲಿ ಗುಳ್ಳೆ ಎದ್ದರೆ ಬೂಟು ಸಡಿಲಾಗಿ ಜಾರುತ್ತಿದೆ. ಆಸ್ಪತ್ರೆಗೆ ತೋರಿಸಿ, ತಿಂಗಳುಗಟ್ಟಲೆ ಬಿಚ್ಚಿಡಬೇಡಿ. ಬೆರಳು ಬೂಟಿನ ತುದಿ ದಾಟಿ ಬಾಗತೊಡಗಿದರೆ ದೊಡ್ಡ ಅಳತೆ ಕೇಳಿ. ಸರ್ಕಾರಿ ಆಸ್ಪತ್ರೆಗಳ ಜೊತೆ ಕೆಲಸ ಮಾಡುವ ಕ್ಯೂರ್ ಇಂಡಿಯಾದಂಥ ಸಂಸ್ಥೆಗಳು ಬ್ರೇಸ್ ಉಚಿತವಾಗಿ ಕೊಡುತ್ತವೆ. ನಿಮ್ಮ ಆಸ್ಪತ್ರೆಯಲ್ಲಿ ಆ ಏರ್ಪಾಡು ಇದೆಯೇ ಎಂದು ಮೊದಲ ದಿನವೇ ವಿಚಾರಿಸಿ.

ಈಗ ನಮ್ಮ ಕಡೆಯ ನಿಜವಾದ ತೊಡಕು. ಹೆರಿಗೆ ತವರಿನಲ್ಲಿ ಆಗುತ್ತದೆ, ಪಟ್ಟಿಯೂ ತವರಿನಿಂದಲೇ ಆಗುತ್ತದೆ. ಐದನೆಯ ತಿಂಗಳಿಗೆ ತಾಯಿ ಕೂಸು ಗಂಡನ ಮನೆಗೆ ಹೊರಡುತ್ತಾರೆ. ಬೂಟು ಹಾಕುವ ಬಗೆ ಕಲಿತದ್ದು ತವರಿನ ಅವ್ವ, ಗಂಡನ ಮನೆಯ ಅತ್ತೆಗೆ ಆ ಕಂಬಿ ಕಂಡರೆ ಸಂಕಟ. ಒಂದು ಹಬ್ಬಕ್ಕೆಂದು ಬಿಚ್ಚಿದ್ದು ಮಾಡದ ಮೇಲೆ ಕೂತುಬಿಡುತ್ತದೆ. ಚಿಂಚೋಳಿ, ಚಿತ್ತಾಪುರದ ತಾಂಡಾಗಳಿಂದ, ಊರುಗಳಿಂದ ದುಡಿಯಲು ಮುಂಬೈ, ಪುಣೆ, ಹೈದರಾಬಾದಿಗೆ ಹೋಗುವವರ ಗಂಟಿನಲ್ಲಿ ಬೂಟಿಗೆ ಜಾಗ ಸಿಗುವುದಿಲ್ಲ. ಬೂಟು ನಿಂತರೆ ಪಾದ ಮತ್ತೆ ಒಳಕ್ಕೆ ತಿರುಗುತ್ತದೆ, ಎರಡು ತಿಂಗಳ ಪಟ್ಟಿ, ಬಸ್ಸಿನ ಓಡಾಟ, ಬಿಟ್ಟ ಕೂಲಿ ಎಲ್ಲ ನೀರುಪಾಲು.

ಆದ್ದರಿಂದ ಮಾಡಬೇಕಾದ್ದು: ಬ್ರೇಸ್ ಕೊಡುವ ದಿನ ಅತ್ತೆಯನ್ನೂ ಕೂಸಿನ ತಂದೆಯನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅವರ ಕೈಯಿಂದಲೇ ಒಮ್ಮೆ ಹಾಕಿಸಿ. ಗುಳೆ ಹೋಗುವ ಮುನ್ನ ಚೀಟಿ, ಫೋಟೊ, ಬೂಟಿನ ಅಳತೆ ಜೊತೆಗಿಟ್ಟುಕೊಳ್ಳಿ, ಅಲ್ಲಿ ಎಲ್ಲಿ ತೋರಿಸಬೇಕೆಂದು ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ತಾಂಡೂರ ಕಡೆಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಹಾಗೆಯೇ ಮಾಡಿ. ಮಾಡಬಾರದ್ದು: ಮದುವೆ, ಜಾತ್ರೆ, ಫೋಟೊ, ನೆಂಟರು, ಇವುಗಳ ನೆಪದಲ್ಲಿ ರಾತ್ರಿಯ ಬೂಟು ತಪ್ಪಿಸಬೇಡಿ.

ವಯಸ್ಸು ಮೀರಿದ ಮಕ್ಕಳಿಗೆ

ನಾಲ್ಕು ವರ್ಷವಾಯಿತು, ಎಂಟಾಯಿತು, ಇನ್ನೇನು ಎಂದು ಕೈಬಿಡಬೇಡಿ. ನಡೆಯುವ ಮಕ್ಕಳಿಗೂ ಪಟ್ಟಿಯಿಂದ ಬಹಳಷ್ಟು ತಿದ್ದಬಹುದು, ವಾರಗಳು ಹೆಚ್ಚು ಬೇಕಾಗುತ್ತವೆ, ಕೆಲವರಿಗೆ ಆಪರೇಷನ್ ಬೇಕಾಗಬಹುದು. ಅಂಗವಿಕಲ ಪ್ರಮಾಣಪತ್ರ, ಮಾಸಾಶನದ ಓಡಾಟ ಮುಗಿಯಲಿ ಎಂದು ಚಿಕಿತ್ಸೆ ತಡೆಯುವುದು ದೊಡ್ಡ ತಪ್ಪು.

ಊರಿನವರಿಗೆ

ಕರ್ನಾಟಕದ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ತಾಯಿ, ಅಜ್ಜಿ ಇಬ್ಬರೂ ಖರ್ಚಿಲ್ಲದೆ ಕಲಬುರಗಿಗೆ ಹೋಗಿ ಬರಬಹುದು. ವಾಡಿ, ಶಹಾಬಾದ್‌ನಿಂದ ರೈಲೂ ಇದೆ. ಚಿಂಚೋಳಿಯವರಿಗೆ ರೈಲಿಲ್ಲ, ದಾರಿಯೂ ದೂರ, ಅಲ್ಲಿನ ಪಂಚಾಯ್ತಿಯವರು ಜೀಪಿನ ವ್ಯವಸ್ಥೆಗೆ ಕೈಜೋಡಿಸಬೇಕು. ಕಲ್ಲು ಗಣಿಯ ಮಾಲಕರು, ಪಾಲಿಶ್ ಮಷಿನ್ ನಡೆಸುವವರು, ಸಿಮೆಂಟ್ ಕಾರ್ಖಾನೆಯ ಗುತ್ತಿಗೆದಾರರು ಕೇಳಬೇಕು: ನಿಮ್ಮಲ್ಲಿ ದುಡಿಯುವ ಅಪ್ಪ ಎಂಟು ವಾರ ವಾರಕ್ಕೊಂದು ದಿನ ರಜೆ ಕೇಳಿದರೆ ಕೊಡಿ, ಪಗಾರ ಹಿಡಿಯಬೇಡಿ.

ಅಂಗನವಾಡಿ ಟೀಚರ್ ಮತ್ತು ಶಾಲೆಯ ಮಾಸ್ತರರೇ, ಆರ್‌ಬಿಎಸ್‌ಕೆ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಆ ದಿನ ಕಾಲಿನ ತೊಂದರೆ ಇರುವ ಮಗು ಮನೆಯಲ್ಲಿ ಉಳಿಯದಂತೆ ನೋಡಿ. ಹಾಜರಿ ಕರೆಯುವಾಗಲೂ ಆಟದ ಬಯಲಲ್ಲೂ "ಕುಂಟ", "ಸೊಟ್ಟಗಾಲ" ಎಂಬ ಹೆಸರು ಯಾರ ಬಾಯಲ್ಲೂ ಬರಕೂಡದು. ಅಮೆರಿಕದ ಫುಟ್‌ಬಾಲ್ ಆಟಗಾರ್ತಿ ಮಿಯಾ ಹ್ಯಾಮ್, 1992ರ ಒಲಿಂಪಿಕ್ಸ್‌ನಲ್ಲಿ ಸ್ಕೇಟಿಂಗ್ ಚಿನ್ನ ಗೆದ್ದ ಕ್ರಿಸ್ಟಿ ಯಾಮಾಗುಚಿ ಇಬ್ಬರೂ ಸೊಟ್ಟ ಪಾದದೊಂದಿಗೆ ಹುಟ್ಟಿದವರು. ತಿದ್ದಿದ ಮೇಲೂ ಆ ಕಾಲಿನ ಮೀನಖಂಡ ತುಸು ತೆಳ್ಳಗೆ, ಪಾದ ತುಸು ಚಿಕ್ಕದು ಉಳಿಯಬಹುದು. ಅದರಿಂದ ಓಟಕ್ಕೆ, ಖೋಖೋ ಆಟಕ್ಕೆ ಅಡ್ಡಿಯಿಲ್ಲ.

ನಿಮ್ಮ ಓಣಿಯಲ್ಲಿ ಈ ತಿಂಗಳು ತೊಟ್ಟಿಲು ಕಟ್ಟಿದ ಮನೆ ಇದ್ದರೆ, ಕೂಸು ನೋಡಲು ಹೋದಾಗ ಮುಖದ ಜೊತೆ ಕಾಲೂ ನೋಡಿ. ತಿರುಗಿದ್ದರೆ ಸುಮ್ಮನೆ ಎದ್ದು ಬರಬೇಡಿ, ಈ ಹಾಳೆಯನ್ನು ಆ ತಾಯಿಯ ಕೈಗೆ ಕೊಟ್ಟು ಬನ್ನಿ.