ಡೀಸೆಲ್ ಉಳಿದದ್ದು ನಿಜವೇ? ತೂಗಿ ನೋಡಿ

ಲಾರಿಯ ಖರ್ಚಿನಲ್ಲಿ ಡೀಸೆಲ್‌ನದೇ ಸಿಂಹಪಾಲು. ಅದಕ್ಕೇ ಟಯರ್, ಆಯಿಲ್, ಟ್ಯಾಂಕಿಗೆ ಸುರಿಯುವ ಔಷಧ, ಎಲ್ಲವನ್ನೂ ‘ಮೈಲೇಜ್ ಏರುತ್ತೆ’ ಎಂದೇ ಮಾರುತ್ತಾರೆ. ದುಡ್ಡು ಬಿಚ್ಚುವ ಮುನ್ನ ನೀವೇ ಪರೀಕ್ಷಿಸಿ.

1. ಜೋಡಿ ಲಾರಿ ಓಡಿಸಿ. ಹೊಸ ಸಾಮಾನು ಹಾಕುವ ಲಾರಿಯ ಜತೆಗೆ ಅದೇ ಮಾಡೆಲ್‌ನ, ಅಷ್ಟೇ ಲೋಡಿನ, ಏನೂ ಬದಲಿಸದ ಇನ್ನೊಂದು ಲಾರಿ ಹೊರಡಲಿ. ಆಗ ಮಳೆ, ಗಾಳಿ, ಟ್ರಾಫಿಕ್ ಎರಡಕ್ಕೂ ಒಂದೇ. ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಎಸ್‌ಎಇ ರೂಪಿಸಿದ ಜೆ1321 ಎಂಬ ಡೀಸೆಲ್ ಪರೀಕ್ಷಾ ವಿಧಾನದ ಜೀವಾಳ ಇದೇ. ಬದಲಾವಣೆಗೆ ಮೊದಲು, ಆಮೇಲೆ, ಎರಡೂ ಸಲ ಜೋಡಿಯಾಗಿ ಓಡಿಸಿ. ಪರೀಕ್ಷೆಯ ಲಾರಿಯ ಡೀಸೆಲನ್ನು ಜತೆಗಾರ ಲಾರಿಯದ್ದರಿಂದ ಭಾಗಿಸಿ, ಬರುವುದೇ ಅನುಪಾತ. ಮೊದಲು 1.00 ಇದ್ದದ್ದು 0.97ಕ್ಕೆ ಇಳಿದರೆ ಶೇ 3 ಉಳಿತಾಯ.

2. ಲೀಟರ್ ನಂಬಬೇಡಿ, ತೂಗಿ. ಲೀಟರಿಗೆ 4 ಕಿ.ಮೀ. ಕೊಡುವ ಲಾರಿ 200 ಕಿ.ಮೀ.ಗೆ 50 ಲೀಟರ್ ಕುಡಿಯುತ್ತದೆ. ಅದರಲ್ಲಿ ಶೇ 3 ಎಂದರೆ ಬರೀ ಒಂದೂವರೆ ಲೀಟರ್. ಬಂಕಿನಲ್ಲಿ ಲಾರಿ ಸ್ವಲ್ಪ ವಾಲಿ ನಿಂತರೂ, ನೊರೆ ಇಳಿಯುವ ಮುನ್ನ ಗನ್ ತೆಗೆದರೂ ಅಷ್ಟು ವ್ಯತ್ಯಾಸ ಬಂದೀತು. ಬಿಸಿಲಿಗೆ ಡೀಸೆಲ್ ಹಿಗ್ಗುತ್ತದೆ ಕೂಡ: 20 ಡಿಗ್ರಿ ಏರಿದರೆ 100 ಲೀಟರ್ ಇದ್ದದ್ದು ಒಂದೂವರೆ ಲೀಟರಿನಷ್ಟು ಹೆಚ್ಚು ಕಾಣುತ್ತದೆ. ತೂಕ ಮಾತ್ರ ಕದಲದು. ಬಿಚ್ಚಿ ತಕ್ಕಡಿಗೆ ಇಡಬಹುದಾದ ಪುಟ್ಟ ಟ್ಯಾಂಕನ್ನು ಮೆಕ್ಯಾನಿಕ್ ಕೈಯಲ್ಲಿ ಕೂಡಿಸಿ. ರಿಟರ್ನ್ ಪೈಪೂ ಅದಕ್ಕೇ ಬರಬೇಕು. ಇಲ್ಲದಿದ್ದರೆ ಎಂಜಿನ್ ಸುಡದೆ ವಾಪಸ್ ಕಳಿಸಿದ ಡೀಸೆಲೂ ಖರ್ಚಿನ ಲೆಕ್ಕಕ್ಕೆ ಸೇರುತ್ತದೆ.

3. ಒಂದು ಸಲಕ್ಕೆ ಒಂದೇ ಬದಲಾವಣೆ. ಟಯರ್, ಆಯಿಲ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಲಾಭವಾಯಿತೆಂದು ಗೊತ್ತಾಗುವುದೇ ಇಲ್ಲ.

4. ಕಾಯಿಸಿ ಶುರು ಮಾಡಿ. ತಣ್ಣಗಿನ ಟಯರ್, ತಣ್ಣಗಿನ ಗೇರ್ ಆಯಿಲ್ ಎಂಜಿನ್‌ನಿಂದ ಹೆಚ್ಚು ಶಕ್ತಿ ಕೇಳುತ್ತವೆ. ಸುಮಾರು ಒಂದು ಗಂಟೆ ಓಡಿಸಿ, ಆಮೇಲೆ ಟ್ಯಾಂಕ್ ತೂಗಿ. ಟಯರ್ ಗಾಳಿಯನ್ನು ಮಾತ್ರ ಬೆಳಿಗ್ಗೆ, ಹೊರಡುವ ಮುನ್ನವೇ ನೋಡಿ.

5. ನಿಮ್ಮ ದಾರಿಯಲ್ಲೇ, ನಿಮ್ಮ ವೇಗದಲ್ಲೇ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 60ರಿಂದ 80ಕ್ಕೆ ಹೋದರೆ ಸುಮಾರು 1.8 ಪಟ್ಟು. ಹೀಗಾಗಿ ಕ್ಯಾಬಿನ್ ಮೇಲಿನ ಡಿಫ್ಲೆಕ್ಟರ್ ತುಮಕೂರು–ಚಿತ್ರದುರ್ಗ ಹೆದ್ದಾರಿಯಲ್ಲಿ ಉಪಕಾರಿ. ಶಿರಾಡಿ ಘಾಟಿ ಏರುವಾಗ ಅದಕ್ಕೆ ಹೆಚ್ಚು ಕೆಲಸವಿಲ್ಲ, ಅಲ್ಲಿ ತೂಕವೇ ದೊಡ್ಡ ಹೊರೆ. ಏರು-ಇಳಿಜಾರು, ಎದುರುಗಾಳಿ ಸರಿದೂಗುವಂತೆ ಹೊರಟಲ್ಲಿಗೇ ಮರಳಿ ಬನ್ನಿ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಜೋರಾಗಿ ತಿರುಗುವ ದಿನ ಡಿಫ್ಲೆಕ್ಟರ್ ಪರೀಕ್ಷೆ ಬೇಡ.

6. ಚಾಲಕರನ್ನು ಅದಲುಬದಲು ಮಾಡಬೇಡಿ. ಯಾರ ಲಾರಿ ಯಾರೋ ಅವರೇ ಕೊನೆತನಕ ಓಡಿಸಲಿ. ಇದು ಲಾರಿಯ ಪರೀಕ್ಷೆ, ನಿಮ್ಮದಲ್ಲ ಎಂದು ಮೊದಲೇ ಹೇಳಿ, ಬತ್ತಾ ಪೂರ್ತಿ ಕೊಟ್ಟುಬಿಡಿ. ಬತ್ತಾ ಕಡಿತವಾದೀತೆಂದು ಹೆದರಿದವರು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಲಾರಿ ಬಿಡುತ್ತಾರೆ. ಅಂಕಿ ಕೆಡುವುದಿರಲಿ, ಜೀವಕ್ಕೇ ಸಂಚಕಾರ.

7. ಬದಲಾವಣೆಗೆ ಮೊದಲೂ ಆಮೇಲೂ ಮೂರು ಮೂರು ಸಲವಾದರೂ ಓಡಿಸಿ. ಮೂರರ ಅನುಪಾತವೂ ಶೇ 2ರ ಒಳಗೆ ಕೂಡಿಬರದಿದ್ದರೆ ಮತ್ತೆ ಓಡಿಸಿ. ಚೆನ್ನಾಗಿ ಬಂದ ಒಂದೇ ಟ್ರಿಪ್‌ನ ಚೀಟಿ ಹಿಡಿದು ಮಾರಲು ಬಂದವರನ್ನು ಉಳಿದ ಟ್ರಿಪ್‌ಗಳ ಲೆಕ್ಕ ಎಲ್ಲಿ ಎಂದು ಕೇಳಿ.