ಆಟಿಕೆ ಕಾರಿಗೆ ಹೊಸ ಗಾಜು



ಆಟಿಕೆ ಕಾರಿನಲ್ಲಿ ಮೊದಲು ಹಾಳಾಗುವುದು ಚಕ್ರ ಅಂತ ಹೆಚ್ಚಿನವರು ಹೇಳುತ್ತಾರೆ. ನಾನು ನೋಡಿದ ಹಾಗೆ ಮೊದಲು ಹೋಗುವುದು ಗಾಜು. ಗಾಜು ಮಾತ್ರ ಬೇಕು ಅಂದರೆ ಅಂಗಡಿಯಲ್ಲಿ ಸಿಗ್ಲಿಕ್ಕಿಲ್ಲ. ಹಾಗಾಗಿ ಒಳ್ಳೆಯ ಕಾರುಗಳೂ ಗುಜರಿಗೆ ಹೋಗುತ್ತವೆ.

ನಮ್ಮ ಮನೆಯಲ್ಲಿ ಅಂಬಾಸಿಡರ್ ಕಾರಿನ ಒಂದು ಸಣ್ಣ ಮಾದರಿ ಉಂಟು. ನಮ್ಮ ಅಜ್ಜ ಬಾಡಿಗೆಗೆ ಓಡಿಸುತ್ತಿದ್ದದ್ದು ಅಂಥದ್ದೇ ಕಾರು. ಆ ಕಾರಿನ ತಯಾರಿ 2014ರಲ್ಲಿ ನಿಂತುಹೋಯಿತು. ಆದ್ದರಿಂದ ಮಾದರಿಯ ಮುಂದಿನ ಗಾಜು ಒಡೆದಾಗ ಅದನ್ನು ಬಿಸಾಡಲು ಮನಸ್ಸು ಬರಲಿಲ್ಲ. ಮನೆಯಲ್ಲಿದ್ದ ಪ್ಲಾಸ್ಟಿಕ್‌ನಿಂದಲೇ ಗಾಜು ಮಾಡಿದೆ. ಅದರ ಕ್ರಮ ಇಲ್ಲಿ ಬರೆದಿದ್ದೇನೆ.

ಮೊದಲು ಸ್ವಲ್ಪ ಲೆಕ್ಕ

ನಿಜವಾದ ಅಂಬಾಸಿಡರ್ ಸುಮಾರು 430 ಸೆಂ.ಮೀ. ಉದ್ದ. ನಮ್ಮ ಮಾದರಿ 10 ಸೆಂ.ಮೀ. ಅಂದರೆ ಪ್ರಮಾಣ 1:43. ಉದ್ದ, ಅಗಲ ಮಾತ್ರವಲ್ಲ, ಗಾಜಿನ ದಪ್ಪವೂ ಇದೇ ಪ್ರಮಾಣದಲ್ಲಿ ಇಳಿಯಬೇಕು. ನಿಜವಾದ ಗಾಜು 5 ಮಿ.ಮೀ. ದಪ್ಪ ಅಂತ ಇಟ್ಟುಕೊಂಡರೆ, 5 ÷ 43 = ಸುಮಾರು 0.12 ಮಿ.ಮೀ. ಆಯಿತು.

ಇಷ್ಟು ತೆಳುವನ್ನು ಅಳೆಯುವುದು ಹೇಗೆ? ಒಂದೇ ಪ್ಲಾಸ್ಟಿಕ್‌ನ ಹತ್ತು ತುಂಡು ಒಂದರ ಮೇಲೊಂದು ಇಟ್ಟು, ಒತ್ತಿ ಹಿಡಿದು ಸ್ಕೇಲಿನಲ್ಲಿ ಅಳೆಯಿರಿ. ಬಂದದ್ದನ್ನು ಹತ್ತರಿಂದ ಭಾಗಿಸಿ. ನನಗೆ ನೀರಿನ ಬಾಟಲಿಯದ್ದು 0.3 ಮಿ.ಮೀ., ಶರ್ಟಿನ ಪೆಟ್ಟಿಗೆಯ ಮುಚ್ಚಳದ್ದು 0.2 ಮಿ.ಮೀ. ಬಂತು. ಹಳೆಯ ಕ್ಯಾಸೆಟ್ ಪೆಟ್ಟಿಗೆ ಕನ್ನಡಿಯ ಹಾಗೆ ಹೊಳೆಯುತ್ತದೆ ನಿಜ, ಆದರೆ ಅದು 1 ಮಿ.ಮೀ. ದಪ್ಪ. 43ರಿಂದ ಗುಣಿಸಿ ನೋಡಿ, ನಾಲ್ಕು ಸೆಂ.ಮೀ.ಗೂ ಹೆಚ್ಚು ದಪ್ಪದ ಗಾಜು! ಅಂಥ ಕಾರು ಎಲ್ಲಿಯಾದರೂ ಉಂಟಾ?

ಯಾವ ಪ್ಲಾಸ್ಟಿಕ್ ಆಗುತ್ತದೆ?

1. ಚಪ್ಪಟೆ ಕಿಟಕಿಗೆ: ಶರ್ಟಿನ ಅಥವಾ ಸಿಹಿತಿಂಡಿಯ ಪೆಟ್ಟಿಗೆಯ ಪಾರದರ್ಶಕ ಮುಚ್ಚಳ, ಸ್ಪೈರಲ್ ಬೈಂಡಿಂಗ್ ಮಾಡಿದ ಪುಸ್ತಕದ ಹಾಳೆ.
2. ಬಾಗಿದ ಮುಂದಿನ ಗಾಜಿಗೆ: ನೀರಿನ ಬಾಟಲಿಯ ಗೆರೆಯಿಲ್ಲದ ಭಾಗ. ಅದರಲ್ಲಿ ಬಾಗು ಮೊದಲೇ ಉಂಟು. ಬಾಟಲಿಯ ಅಡಿಯಲ್ಲಿ ತ್ರಿಕೋನದೊಳಗೆ 1 ಅಂತ ಇದ್ದರೆ ಅದು ಪೆಟ್ ಎಂಬ ಪ್ಲಾಸ್ಟಿಕ್. ಮಡಚಿದರೂ ಸುಲಭದಲ್ಲಿ ಒಡೆಯುವುದಿಲ್ಲ.
3. ಆಗದ್ದು: ಹಾಲಿನ ತೊಟ್ಟೆ (ಮಬ್ಬು, ಮೆತ್ತಗೆ), ಬಗ್ಗಿಸಿದರೆ ಪಟ್ ಅಂತ ಮುರಿಯುವ ಗಟ್ಟಿ ಪ್ಲಾಸ್ಟಿಕ್.

ಮಾಡುವ ವಿಧಾನ

1. ಕಾರಿನ ಅಡಿಯ ಸ್ಕ್ರೂ ಬಿಚ್ಚಿ ಒಡೆದ ಚೂರುಗಳನ್ನು ತೆಗೆಯಿರಿ.
2. ಕಿಟಕಿಯ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲಿನ ಮೊನೆ ಓರೆ ಮಾಡಿ ಉಜ್ಜಿ. ಅಂಚು ಮೂಡುತ್ತದೆ. ಅಂಟು ಹಚ್ಚಲಿಕ್ಕೆ ಸುತ್ತಲೂ 2 ಮಿ.ಮೀ. ಹೆಚ್ಚು ಬಿಟ್ಟು ಕತ್ತರಿಸಿ. ಇದೇ ಅಚ್ಚು. ಒಳಗಿನಿಂದ ಇಟ್ಟು ಸರಿ ಕೂರುತ್ತದಾ ನೋಡಿ.
3. ಅಚ್ಚನ್ನು ಪ್ಲಾಸ್ಟಿಕ್ ಮೇಲೆ ಟೇಪಿನಿಂದ ಅಂಟಿಸಿ, ಸಣ್ಣ ಕತ್ತರಿಯಲ್ಲಿ ಕತ್ತರಿಸಿ. ಬಾಟಲಿಯಾದರೆ ಗಾಜಿನ ಉದ್ದ ಬಾಟಲಿಯ ಸುತ್ತಿಗೆ ಬರುವಂತೆ ಇಡಬೇಕು.
4. ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ. ಮತ್ತೆ ಅಂಚಿನಲ್ಲಿ ಮಾತ್ರ ಹಿಡಿಯಿರಿ. ಒಳಬದಿಯಲ್ಲಿ ಬೆರಳಿನ ಗುರುತು ಬಿದ್ದರೆ ಆಮೇಲೆ ಒರೆಸ್ಲಿಕ್ಕೆ ಕಷ್ಟ.
5. ತೆಂಗಿನ ಗರಿಯ ಕಡ್ಡಿಯ ತುದಿಯಿಂದ ಚೌಕಟ್ಟಿನ ಒಳಗಡೆ ತೆಳ್ಳಗೆ ಫೆವಿಕಾಲ್ ಹಚ್ಚಿ, ಗಾಜು ಕೂರಿಸಿ, ಒಂದು ರಾತ್ರಿ ಬಿಡಿ. ಹಚ್ಚುವಾಗ ಬಿಳಿ ಇದ್ದರೂ ಒಣಗಿದ ಮೇಲೆ ಅದು ಪಾರದರ್ಶಕ ಆಗುತ್ತದೆ.

ಎಚ್ಚರಿಕೆ

ಕ್ಷಣದಲ್ಲಿ ಹಿಡಿಯುವ ಅಂಟು ಇದಕ್ಕೆ ಬೇಡ. ಅದರ ಆವಿ ಗಾಳಿಯ ತೇವದೊಂದಿಗೆ ಸೇರಿ ಗಾಜಿನ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೇನು ಕಡಿಮೆಯಾ?

ಬಾಟಲಿಯ ತುಂಡನ್ನು ಬಿಸಿನೀರಿಗೆ ಹಾಕಬೇಡಿ. ತಯಾರಿಸುವಾಗ ಅದನ್ನು ಎಳೆದು ಹಿಗ್ಗಿಸಿರುತ್ತಾರೆ, ಬಿಸಿ ತಾಗಿದರೆ ಮುದುಡುತ್ತದೆ. ಯಾವ ಪ್ಲಾಸ್ಟಿಕನ್ನೂ ಮೇಣದಬತ್ತಿಗೆ ಹಿಡಿಯಲೇಬೇಡಿ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅದು ನೀರಿಗೆ ಸೇರಿದರೆ ಹೈಡ್ರೋಕ್ಲೋರಿಕ್ ಆಮ್ಲ. ನಮ್ಮ ಮೂಗು, ಗಂಟಲು ಒದ್ದೆಯಾಗಿಯೇ ಇರುತ್ತವಲ್ಲ!

ನಿಮಗಿದು ಗೊತ್ತುಂಟಾ?

ನಿಜವಾದ ಕಾರಿನ ಮುಂದಿನ ಗಾಜಿನಲ್ಲೂ ಪ್ಲಾಸ್ಟಿಕ್ ಉಂಟು. ಎರಡು ಗಾಜುಗಳ ನಡುವೆ ಒಂದು ತೆಳು ಪ್ಲಾಸ್ಟಿಕ್ ಪದರ. 1903ರಲ್ಲಿ ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ ಅವರ ಪ್ರಯೋಗಶಾಲೆಯಲ್ಲಿ ಒಂದು ಗಾಜಿನ ಪಾತ್ರೆ ಕೆಳಗೆ ಬಿತ್ತು. ಬಿರುಕು ಬಿಟ್ಟರೂ ಚೂರು ಚದುರಲಿಲ್ಲ. ಒಳಗೆ ಸೆಲ್ಯುಲೋಸ್ ನೈಟ್ರೇಟ್ ಒಣಗಿ ಪೊರೆಯಾಗಿತ್ತು! 1909ರಲ್ಲಿ ಅವರು ಇದಕ್ಕೆ ಪೇಟೆಂಟ್ ಪಡೆದರು. ಇಂದು ಅಪಘಾತವಾದಾಗ ಮುಂದಿನ ಗಾಜಿನ ಚೂರು ಒಳಗಿದ್ದವರ ಮುಖಕ್ಕೆ ಹಾರದಂತೆ ತಡೆಯುವುದು ಆ ನಡುವಿನ ಪದರವೇ.

ಪ್ರಶ್ನೆ: ನಿಮ್ಮ ಕಾರು 1:64 ಪ್ರಮಾಣದ್ದಾದರೆ ಗಾಜು ಎಷ್ಟು ದಪ್ಪ ಇರಬೇಕು? ಲೆಕ್ಕ ಮಾಡಿ, ಅಷ್ಟು ತೆಳುವಾದ ಪ್ಲಾಸ್ಟಿಕ್ ಮನೆಯಲ್ಲಿ ಯಾವುದುಂಟು ಅಂತ ಹುಡುಕಿ ತನ್ನಿ. ಸರಿಯುತ್ತರ ಮುಂದಿನ ಸಂಚಿಕೆಯಲ್ಲಿ.

— ಒಂಬತ್ತನೇ ತರಗತಿ, ಪರ್ಕಳ