ಯೆರಿಕೋವಿನ ಬುಗ್ಗೆಯೂ ನಮ್ಮ ಊರಿನ ನೀರೂ

ಓದತಕ್ಕ ಭಾಗ: ಅರಸುಗಳ ಎರಡನೆಯ ಗ್ರಂಥ, ೨ನೆಯ ಅಧ್ಯಾಯ, ೧೯ರಿಂದ ೨೨ರ ವರೆಗೆ.

ಯೆರಿಕೋ ಪಟ್ಟಣವು ನೋಡುವುದಕ್ಕೆ ರಮ್ಯವಾಗಿದ್ದರೂ ಅದರ ನೀರು ಕೆಟ್ಟದ್ದಾಗಿತ್ತು. ಊರವರು ಇದನ್ನು ಮರೆಮಾಡದೆ ಪ್ರವಾದಿಯಾದ ಎಲೀಷನಿಗೆ ತಿಳಿಸಿದರು. ಅವನು ಹೊಸ ಪಾತ್ರೆಯಲ್ಲಿ ಉಪ್ಪನ್ನು ತರಿಸಿ ಬುಗ್ಗೆಯ ಬಳಿಗೇ ಹೋಗಿ ಅದರಲ್ಲಿ ಹಾಕಿದನು. ಯೆಹೋವನು ನೀರನ್ನು ಸ್ವಸ್ಥಮಾಡಿದನು. ಅದು ದೇವರ ಅದ್ಭುತವೇ ಹೊರತು ಉಪ್ಪಿನ ಗುಣವಲ್ಲ. ಆದರೂ ಇದರಿಂದ ನಾವು ಮೂರು ಸಂಗತಿಗಳನ್ನು ಕಲಿಯಬಹುದು.

೧. ನೀರಿನ ಕೇಡನ್ನು ಮರೆಮಾಡಬಾರದು. ತಿಳಿಯಾದ ನೀರೆಲ್ಲಾ ಶುದ್ಧವಲ್ಲ. ವಾಂತಿಭೇದಿಯ ಕ್ರಿಮಿಗಳು ಕಣ್ಣಿಗೆ ಕಾಣವು. ಗದಗ ಜಿಲ್ಲೆಯ ಮುಂಡರಗಿ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡೆಂಬ ಅಂಶವು ಕಂಡುಬಂದಿದೆ. ಒಂದು ಲೀಟರಿನಲ್ಲಿ ಅದು ೧.೫ ಮಿಲಿಗ್ರಾಮಿಗೆ ಮೀರಿದ್ದರೆ ಮಕ್ಕಳ ಹಲ್ಲು ಕಲೆಗಟ್ಟುವದು. ಬಹಳ ಹೆಚ್ಚಾದರೆ ವರುಷಗಳು ಕಳೆದ ಮೇಲೆ ಎಲುಬುಗಳೂ ಬಿಗಿಯುವವು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಪರೀಕ್ಷೆಯಿಂದಲೇ ತಿಳಿಯಬೇಕು.

೨. ಬಲ್ಲವರ ಸಹಾಯವನ್ನು ಕೇಳಬೇಕು. ನಮ್ಮ ಸೀಮೆಯಲ್ಲಿ ಇಂಜಿನಿಯರಿಂಗ್ ವಿದ್ಯೆಗೆ ಕೊರತೆಯಿಲ್ಲ. ಹುಬ್ಬಳ್ಳಿಯಲ್ಲಿ ೧೯೪೭ರಲ್ಲಿ ಭೂಮರಡ್ಡಿ ಕಾಲೇಜೂ, ಧಾರವಾಡದಲ್ಲಿ ೧೯೭೯ರಲ್ಲಿ ಎಸ್.ಡಿ.ಎಂ. ಕಾಲೇಜೂ ೨೦೧೬ರಲ್ಲಿ ಐ.ಐ.ಟಿ.ಯೂ ಆರಂಭವಾದವು. ಇಂಥ ವಿದ್ಯಾಲಯಗಳನ್ನು ಹಳ್ಳಿಗಳೊಂದಿಗೆ ಜೋಡಿಸುವದಕ್ಕಾಗಿ ಕೇಂದ್ರ ಸರಕಾರವು ೨೦೧೪ರಲ್ಲಿ ಉನ್ನತ ಭಾರತ ಅಭಿಯಾನವನ್ನು ಆರಂಭಿಸಿತು. ವಿದ್ಯಾರ್ಥಿಗಳು ನಿಮ್ಮ ಊರಿಗೆ ಬಂದು ನೀರಿನ ವಿಷಯವಾಗಿ ವಿಚಾರಿಸಿದರೆ, ಊರ ಮಾನಕ್ಕೆ ಅಂಜಿ, ನಮ್ಮ ನೀರು ಅಮೃತವೆಂದು ಹೇಳಿ ಕಳುಹಿಸಬೇಡಿರಿ. ಮುಖ್ಯವಾಗಿ ಹೆಂಗಸರು ಮಾತಾಡಲಿ. ಯಾವ ತಿಂಗಳಲ್ಲಿ ನೀರು ನಾರುತ್ತದೆಂದು ಹೊರುವವರೇ ಬಲ್ಲರು. ಯಾಕೋಬನ ಬಾವಿಯು ಆಳವಾದದ್ದೆಂದು ಕರ್ತನಿಗೆ ಹೇಳಿದವಳು ನೀರಿಗೆ ಬಂದ ಸಮಾರ್ಯದ ಸ್ತ್ರೀಯಲ್ಲವೇ?

೩. ಮೂಲವನ್ನೂ ಪಾತ್ರೆಯನ್ನೂ ಕಾಯಬೇಕು. ನವಲಗುಂದದ ಕಡೆಯ ಎರೆಭೂಮಿಯಲ್ಲಿ ಬಾವಿಯ ನೀರು ಉಪ್ಪಾದಕಾರಣ ಅನೇಕ ಹಳ್ಳಿಗಳವರು ಕೆರೆಯ ನೀರನ್ನೇ ಕುಡಿಯುತ್ತಾ ಬಂದರು. ಅಂಥ ಕೆರೆಗೆ ದನಗಳನ್ನು ಇಳಿಸಬಾರದು, ಅಲ್ಲಿ ಬಟ್ಟೆ ಒಗೆಯಬಾರದು. ಮನೆಯಲ್ಲಿ ನೀರನ್ನು ಸೋಸಿ, ಚೆನ್ನಾಗಿ ಕುದಿಸಿ, ಮುಚ್ಚಿಡಬೇಕು. ಕೈಯನ್ನು ಅದ್ದದೆ ಹಿಡಿಯುಳ್ಳ ಸೌಟಿನಿಂದ ತೆಗೆಯಬೇಕು. ಕುದಿಸಿದರೆ ಕ್ರಿಮಿಗಳು ಸಾಯುವವು. ಫ್ಲೋರೈಡು ಮಾತ್ರ ಹೋಗದು. ಅದಕ್ಕೆ ಬೇರೆ ಶುದ್ಧೀಕರಣವೇ ಬೇಕು.

ವಿದ್ಯಾರ್ಥಿಗಳು ಪರೀಕ್ಷೆ ಮುಗಿಸಿ ಹೊರಟುಹೋಗುವರು. ನೀರು ಕುಡಿಯುವವರು ನಾವು. ಮರಳಿನ ಶೋಧಕವನ್ನು ಕಟ್ಟಿಕೊಟ್ಟರೂ, ಅದರ ಮೇಲ್ಪದರವನ್ನು ಆಗಾಗ್ಗೆ ಕೆರೆದು ತೆಗೆಯುವವರಿಲ್ಲದಿದ್ದರೆ ಅದು ಕಟ್ಟಿಕೊಂಡು ನಿಂತುಹೋಗುವದು. ತಂದೆಯ ಕಾಲದ ಬಾವಿಗಳನ್ನು ಫಿಲಿಷ್ಟಿಯರು ಮುಚ್ಚಿದಾಗ ಇಸಾಕನು ಅವುಗಳನ್ನು ತಿರಿಗಿ ತೋಡಿಸಿದನು. ಆದಕಾರಣ ಪ್ರತಿಯೊಂದು ಊರಲ್ಲಿ ಇಬ್ಬರನ್ನಾದರೂ ಈ ಕೆಲಸಕ್ಕೆ ನೇಮಿಸಿರಿ; ತಿಂಗಳಿಗೊಮ್ಮೆ ಲೆಕ್ಕ ಕೇಳಿರಿ.

ಇನ್ನೊಂದು ಮಾತು: ಶುದ್ಧವಾದ ನೀರು ನಮ್ಮ ಓಣಿಗೆ ಮಾತ್ರ ಸಾಕೆನ್ನಬೇಡಿರಿ. ಬಾವಿಯ ಹತ್ತಿರ ಬರಗೊಡದ ದುಃಖವನ್ನು ನಮ್ಮ ಹಿರಿಯರಲ್ಲಿ ಅನೇಕರು ಉಂಡವರು. ಅವರ ಮಕ್ಕಳಾದ ನಾವು ಯಾರನ್ನೂ ಬಾಯಾರಿದವರಾಗಿ ಹಿಂದಿರುಗಿಸಬಾರದು.

ಪ್ರಶ್ನೆಗಳು: ನಿಮ್ಮ ಊರಿನ ನೀರನ್ನು ಕಡೆಗೆ ಪರೀಕ್ಷಿಸಿದ್ದು ಯಾವಾಗ? ಕೆರೆಯನ್ನು ಕಾಯುವವರು ಯಾರು? ಯಾವ ಮನೆಗೆ ಇನ್ನೂ ಒಳ್ಳೇ ನೀರು ದೊರೆಯುವದಿಲ್ಲ?